ಕೊನೇ ಪಂಕ್ತಿಯ ಪಾಲು

ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಮದುವೆ ಊಟದ ಪಟ್ಟಿ ಓದಿದೆ. ವೆಲ್‌ಕಮ್ ಡ್ರಿಂಕಿನಿಂದ ಹಿಡಿದು ಪಾನ್ ಕೌಂಟರಿನವರೆಗೆ 30ಕ್ಕೂ ಹೆಚ್ಚು ಬಗೆ ಇದೆ. ಹೆತ್ತವರ ಮೇಲೆ ಭಾರ ಹಾಕದೆ ನಿಮ್ಮ ದುಡಿಮೆಯಲ್ಲೇ ಮದುವೆ ಮಾಡಿಕೊಳ್ಳುತ್ತೇವೆ ಅಂತ ನೀನೂ ನಿನ್ನ ಹುಡುಗನೂ ಹೊರಟಿದ್ದೀರಲ್ಲ, ನನಗೆ ಬಹಳ ಸಂತೋಷ. ನಮ್ಮ ಮನೆತನದ ಮದುವೆ, ನಾಮಕರಣ, ಗೃಹಪ್ರವೇಶಗಳಲ್ಲಿ ಉಗ್ರಾಣದ ಬೀಗದ ಕೈ ಹೆಚ್ಚಾಗಿ ಈ ನಿನ್ನ ಅತ್ತೆಯ ಸೊಂಟದಲ್ಲೇ ಇರುತ್ತಿತ್ತು. ಆ ಅನುಭವದಿಂದ ಹೇಳಬೇಕಾದದ್ದು ಒಂದೇ ಮಾತು. ಊಟ ಹೇಗಿತ್ತು ಅಂತ ಮೊದಲ ಪಂಕ್ತಿಯವರನ್ನು ಕೇಳಬೇಡ, ಕೊನೇ ಪಂಕ್ತಿಯವರನ್ನು ಕೇಳು.

ಮೊದಲ ಪಂಕ್ತಿಗೆ ಎಲ್ಲವೂ ತಾನಾಗಿಯೇ ಚೆನ್ನಾಗಿ ಸಿಗುತ್ತದೆ. ಅನ್ನ ಹಬೆಯಾಡುತ್ತಿರುತ್ತದೆ, ಹಪ್ಪಳ ಗರಿಗರಿಯಾಗಿರುತ್ತದೆ, ಬಡಿಸುವವರ ಕೈಕಾಲಲ್ಲಿ ಕಸುವಿರುತ್ತದೆ. ಮೂರನೇ ಪಂಕ್ತಿ ಎದ್ದು ನಾಲ್ಕನೆಯದಕ್ಕೆ ಎಲೆ ಹಾಕುವ ಹೊತ್ತಿಗೆ ಹೋಳಿಗೆ ಅರ್ಧರ್ಧ ಆಗುತ್ತದೆ, ಸಾರಿಗೆ ಬಿಸಿನೀರು ಬೀಳುತ್ತದೆ, ಪಲ್ಯದ ಜಾಗ ಖಾಲಿ ಬಿಟ್ಟು ಬಡಿಸುವವರು ಮುಂದೆ ಹೋಗುತ್ತಾರೆ. ಕೂತವರು ಏನೂ ಅನ್ನುವುದಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೊರತೆಯಾಯಿತು ಅಂತ ನಮ್ಮ ಜನ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಂತ ಮರೆಯುವುದೂ ಇಲ್ಲ. ಅದಕ್ಕೇ ಏನೇನು ಮಾಡಿಸಬೇಕು ಅನ್ನುವುದಕ್ಕಿಂತ ಮುಂಚೆ, ಕೊನೆಗೆ ಕೂರುವವರಿಗೆ ಏನು ಸಿಗುತ್ತದೆ ಅಂತ ಯೋಚಿಸು. ಈ ಒಂದು ಪ್ರಶ್ನೆ ಹಿಡಿದುಕೊಂಡು ಹೊರಟರೆ ಅಡುಗೆ, ಅಳತೆ, ಹೊತ್ತು, ಆಳು ಎಲ್ಲವೂ ಹದಕ್ಕೆ ಬರುತ್ತವೆ.

ಮೊದಲು ತಲೆ ಎಣಿಕೆ. ಬರುತ್ತೇವೆ, ಬರುವುದಿಲ್ಲ ಅಂತ ಮುಂಚೆಯೇ ತಿಳಿಸುವ ರೂಢಿ ನಮ್ಮಲ್ಲಿಲ್ಲ. ಒಂದು ಲಗ್ನಪತ್ರಿಕೆಗೆ ಒಬ್ಬರು ಬಂದರೂ ಬಂದರು, ಮನೆಮಂದಿಯೆಲ್ಲ ಬಂದರೂ ಬಂದರು. ಆದ್ದರಿಂದ ಪತ್ರಿಕೆಗಳನ್ನು ಎಣಿಸಬೇಡ. ಮನೆಗಳನ್ನು ಬರೆದುಕೊಂಡು, ಒಂದೊಂದು ಮನೆಯಿಂದ ಯಾರ್ಯಾರು ಬರಬಹುದು ಅಂತ ಹೆಸರು ಹಿಡಿದು ಬರೆ. ಹಿಂದಿನ ರಾತ್ರಿಯ ವರಪೂಜೆಗೆ, ಮುಹೂರ್ತಕ್ಕೆ, ಆರತಕ್ಷತೆಗೆ ಬೇರೆಬೇರೆ ಪಟ್ಟಿ ಇರಲಿ. ಆಫೀಸಿನವರು ಹೆಚ್ಚಾಗಿ ಸಂಜೆ ಬರುತ್ತಾರೆ, ಊರಿನವರು ಬೆಳಗಿನ ತಿಂಡಿಗೇ ಬಂದಿಳಿಯುತ್ತಾರೆ. ಹತ್ತು ದಿನ ಮುಂಚೆ ಎಲ್ಲರಿಗೂ ಒಂದು ಸುತ್ತು ಫೋನ್ ಮಾಡಿ; ಕರೆದ ಹಾಗೂ ಆಯಿತು, ಲೆಕ್ಕ ಸಿಕ್ಕ ಹಾಗೂ ಆಯಿತು.

ಆ ಪಟ್ಟಿಯ ಜೊತೆಗೆ ಇನ್ನೊಂದು ಪಟ್ಟಿ ಸೇರಿಸು. ವಾಲಗದವರು, ಪುರೋಹಿತರ ಕಡೆಯವರು, ಫೋಟೊ-ವಿಡಿಯೊದವರು, ಹೂವಿನ ಅಲಂಕಾರದವರು, ಬಸ್ಸು ಕಾರುಗಳ ಡ್ರೈವರುಗಳು, ಛತ್ರದ ಕಾವಲಿನವರು, ಅಡುಗೆಯವರು, ಬಡಿಸುವವರು, ಎಲೆ ಎತ್ತುವವರು, ಪಾತ್ರೆ ತೊಳೆಯುವವರು. 500 ಜನರ ಮದುವೆಯಲ್ಲಿ ಇವರೇ 40–50 ಮಂದಿ ಆಗುತ್ತಾರೆ. ಕೊನೇ ಪಂಕ್ತಿಯಲ್ಲಿ ಕೂರುವವರು ಹೆಚ್ಚಾಗಿ ಇವರೇ, ಜೊತೆಗೆ ಓಡಾಡಿ ಸುಸ್ತಾದ ನಮ್ಮ ಮನೆಯವರು. ಲೆಕ್ಕದಲ್ಲೇ ಇಲ್ಲದವರಿಗೆ ಊಟ ಎಲ್ಲಿಂದ ಉಳಿಯಬೇಕು?

ಎರಡನೆಯದು ಹೊತ್ತಿನ ಲೆಕ್ಕ. ಛತ್ರ ಗೊತ್ತುಮಾಡುವಾಗ ಮಂಟಪದ ಅಂದ ನೋಡುವ ಮೊದಲು ಊಟದ ಹಾಲಿಗೆ ಹೋಗಿ ಎಷ್ಟು ಎಲೆ ಹಿಡಿಸುತ್ತದೆ ಅಂತ ಎಣಿಸು. ಎಲೆ ಹಾಕಿ, ಬಡಿಸಿ, ಜನ ಉಂಡು ಎದ್ದು, ಎಲೆ ಎತ್ತಿ, ಮೇಜು ಒರೆಸಿ ಮತ್ತೆ ಎಲೆ ಹಾಕುವಷ್ಟರಲ್ಲಿ 40–45 ನಿಮಿಷ ಬೇಕು. 150 ಎಲೆಯ ಹಾಲಿನಲ್ಲಿ 600 ಜನ ಉಣ್ಣಬೇಕಾದರೆ ನಾಲ್ಕು ಪಂಕ್ತಿ, ಅಂದರೆ ಮೂರು ಗಂಟೆ. ಮೊದಲ ಪಂಕ್ತಿ 12ಕ್ಕೆ ಕೂತರೆ ಕೊನೆಯದು ಕೂರುವುದು ಎರಡೂ ಕಾಲಿಗೆ. ಬೆಳಗ್ಗೆ ಎಂಟಕ್ಕೆ ಉಪ್ಪಿಟ್ಟು ತಿಂದ ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಮಗು ಎತ್ತಿಕೊಂಡ ತಾಯಂದಿರು ಅಲ್ಲಿಯವರೆಗೆ ಕಾಯಬಾರದು. ಅವರನ್ನು ಹುಡುಕಿ ಕರೆತಂದು ಮೊದಲ ಪಂಕ್ತಿಯಲ್ಲಿ ಕೂರಿಸುವುದಕ್ಕೆಂದೇ ಮನೆಯ ಇಬ್ಬರು ಹುಡುಗರಿಗೆ ಹೇಳಿಡು. ಅನ್ನವನ್ನು ಒಂದೇ ಸಲ ಮಾಡಿ ಗುಡ್ಡೆ ಹಾಕಿಸಬೇಡ, ಪಂಕ್ತಿಗೊಂದು ಸಲ ಇಳಿಸುವ ಹಾಗೆ ಅಡುಗೆ ಭಟ್ಟರ ಜೊತೆ ಮಾತಾಡಿಕೋ. ಹಪ್ಪಳ, ಆಂಬೊಡೆಯೂ ಹಾಗೇ, ಪಂಕ್ತಿಗೆ ಬೇಕಾದಷ್ಟೇ ಕರಿಯಲಿ.

ಒಂದು ಸಣ್ಣ ವಿಷಯ ನೋಡು. ಹೆಸರುಬೇಳೆ ಕೋಸಂಬರಿಗೆ ಬೆಳಗ್ಗೆಯೇ ಉಪ್ಪು ಬೆರೆಸಿಟ್ಟರೆ ಸೌತೆಕಾಯಿ ನೀರು ಬಿಟ್ಟು, ಎರಡನೇ ಪಂಕ್ತಿಗೇ ಆ ನೀರು ಎಲೆಯ ಮೇಲೆ ಹರಿದು ಪಕ್ಕದ ಪಲ್ಯ ಸೇರುತ್ತದೆ. ನೆನೆಸಿ ಬಸಿದ ಬೇಳೆ ಒಂದು ಕಡೆ, ಹೆಚ್ಚಿದ ಸೌತೆಕಾಯಿ ಒಂದು ಕಡೆ, ತುರಿದ ಕಾಯಿ ಒಂದು ಕಡೆ ಇಟ್ಟುಕೊಳ್ಳಬೇಕು. ಎಲೆ ಹಾಕಲು ಶುರುವಾದಾಗ ಆ ಪಂಕ್ತಿಗೆ ಬೇಕಾದಷ್ಟನ್ನೇ ಬೆರೆಸಿ, ಉಪ್ಪು, ನಿಂಬೆರಸ ಹಾಕಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟರೆ ನಾಲ್ಕನೇ ಪಂಕ್ತಿಯವರ ಹಲ್ಲಿಗೂ ಸೌತೆಕಾಯಿ ಕಟುಂ ಅನ್ನುತ್ತದೆ. ಒಳ್ಳೆಯ ಅಡುಗೆ ತಂಡವನ್ನು ಗುರುತಿಸುವುದು ಇಂಥ ಕಡೆ. ರುಚಿ ನೋಡಿ ಅಂತ ನಾಲ್ಕು ಜನರಿಗೆ ಚೆನ್ನಾಗಿ ಮಾಡಿಕೊಡುವುದು ಯಾರಿಗೂ ಕಷ್ಟವಲ್ಲ. ಅವರು ಅಡುಗೆ ಒಪ್ಪಿಕೊಂಡಿರುವ ಬೇರೊಂದು ಮದುವೆಗೆ, ಆ ಮನೆಯವರ ಅನುಮತಿ ಪಡೆದು, ಊಟ ಮುಗಿಯುವ ಹೊತ್ತಿಗೆ ಹೋಗಿ ಒಂದು ಗಳಿಗೆ ನಿಂತು ನೋಡಿ ಬಾ. ಅಡುಗೆಮನೆ ಎಷ್ಟು ಚೊಕ್ಕಟವಾಗಿದೆ, ಕೊನೆಯ ಎಲೆಗಳ ಮೇಲೆ ಏನೇನಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಅಳತೆಗೆ ಬರೋಣ. ಹೋಳಿಗೆ, ಚಿತ್ರಾನ್ನ, ಪಲ್ಯ ಎಲ್ಲ ಇರುವ ಪೂರ್ತಿ ಎಲೆ ಊಟಕ್ಕೆ 100 ಜನರಿಗೆ 8ರಿಂದ 10 ಕಿಲೋ ಅಕ್ಕಿ, ತೊವ್ವೆ, ಸಾರು, ಹುಳಿಗೆಲ್ಲ ಸೇರಿ ಸುಮಾರು 4 ಕಿಲೋ ತೊಗರಿಬೇಳೆ, 8ರಿಂದ 10 ಲೀಟರ್ ಮೊಸರು, 10 ಲೀಟರ್ ಪಾಯಸ, ಒಂದರಿಂದ ಒಂದೂವರೆ ಕಿಲೋ ತುಪ್ಪ ಹಿಡಿಯಬಹುದು. ಎರಡನೇ ಹೋಳಿಗೆ ಕೇಳುವವರು ಇದ್ದೇ ಇರುತ್ತಾರೆ, 100 ಜನರಿಗೆ 130 ಹೋಳಿಗೆ ಇರಲಿ. ಒಂದು ಕಿಲೋ ಬೇಳೆಯ ಹೂರಣಕ್ಕೆ ಸುಮಾರು 40 ಆಗುತ್ತವೆ. ಬಾಳೆ ಎಲೆ ಹರಿಯುತ್ತದೆ, ಹತ್ತಕ್ಕೊಂದು ಹೆಚ್ಚಿಗೆ ತರಿಸು. ಇದು ನಮ್ಮ ಕಡೆಯ ವಾಡಿಕೆಯ ಅಂದಾಜು. ಹಳ್ಳಿಯ ಮದುವೆಯಾದರೆ ಅಕ್ಕಿ ಇನ್ನೂ ಹೆಚ್ಚು ಬೇಕು, ಪೇಟೆಯ ಸಂಜೆ ಊಟಕ್ಕೆ ಕಡಿಮೆ ಸಾಕು.

ಬಗೆ ಹೆಚ್ಚಾದಷ್ಟೂ ಒಂದೊಂದರ ಅಳತೆ ಇಳಿಯಬೇಕು. ಆದರೆ ಎಲ್ಲಿ ಸಾಲದೇ ಹೋಗುತ್ತದೋ ಅಂತ ಹೆದರಿ ಯಾರೂ ಇಳಿಸುವುದಿಲ್ಲ, ಊಟ ಹಾಳಾಗುವುದು ಅಲ್ಲಿಂದಲೇ. 2012ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ನಗರದ 75 ಕಲ್ಯಾಣ ಮಂಟಪಗಳನ್ನು ಅಧ್ಯಯನ ಮಾಡಿ, ಬೆಂಗಳೂರಿನ ಮದುವೆಗಳಲ್ಲೇ ವರ್ಷಕ್ಕೆ ಸುಮಾರು 943 ಟನ್ ಒಳ್ಳೆಯ ಊಟ ವ್ಯರ್ಥವಾಗುತ್ತದೆ ಅಂತ ಅಂದಾಜು ಮಾಡಿದರು. ಒಂದು ಊರಿನ ಲೆಕ್ಕ ಅದು. ಮೊದಲ ಪಂಕ್ತಿಯವರ ಎಲೆಯಲ್ಲಿ ಮುಟ್ಟದೇ ಉಳಿದದ್ದು, ಕೊನೇ ಪಂಕ್ತಿಯವರ ಎಲೆಗೆ ಬಾರದೇ ಹೋದದ್ದು ಎರಡೂ ಒಂದೇ ಪದಾರ್ಥ.

ಸಣ್ಣ ಪಟ್ಟಿ ಅಂದರೆ ಸಪ್ಪೆ ಊಟ ಅಂದುಕೊಳ್ಳಬೇಡ. ಎರಡು ಪಲ್ಯ, ಒಂದು ಕೋಸಂಬರಿ, ಒಂದು ಗೊಜ್ಜು, ಚಿತ್ರಾನ್ನ, ತೊವ್ವೆ, ಸಾರು, ಹುಳಿ, ಪಾಯಸ, ಒಂದು ಭಕ್ಷ್ಯ, ಹಪ್ಪಳ, ಉಪ್ಪಿನಕಾಯಿ, ಮೊಸರು. ಇಷ್ಟು ಹದವಾಗಿದ್ದರೆ ಇನ್ನೇನಿದೆ ಅಂತ ಯಾರೂ ಕೇಳುವುದಿಲ್ಲ. ನೀನು ಬರೆದಿರುವ ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲವನ್ನು ಜನ ಹೋಟೆಲಿನಲ್ಲಿ ತಿನ್ನುತ್ತಲೇ ಇರುತ್ತಾರೆ. ನಿನ್ನ ಹುಡುಗ ಧಾರವಾಡದವನು, ನಾವು ಮೈಸೂರಿನ ಕಡೆಯವರು. ಎರಡೂ ಸೀಮೆಯ ಊಟ ಒಂದೇ ಎಲೆಗೆ ಬರುವ ಯೋಗ ನಿನ್ನ ಮದುವೆಗೆ ಕೂಡಿ ಬಂದಿದೆ, ಅದನ್ನು ಬಿಡಬೇಡ. ಖಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಕೆನೆಮೊಸರು ಅವರ ಕಡೆಯಿಂದ. ಮಾವಿನಕಾಯಿ ಚಿತ್ರಾನ್ನ, ಹುಳಿ, ಮಜ್ಜಿಗೆಹುಳಿ ನಮ್ಮ ಕಡೆಯಿಂದ. ಭಕ್ಷ್ಯಕ್ಕೆ ಬೇಳೆ ಹೋಳಿಗೆಯೋ, ಶೇಂಗಾ ಹೋಳಿಗೆಯೋ, ಮಾದಲಿಯೋ ಅಂತ ಹುಡುಗನ ತಾಯಿಯವರನ್ನು ಕೇಳಿ ತೀರ್ಮಾನಿಸು. ಬೀಗರಿಗೆ ತಮ್ಮ ಊರಿನ ರುಚಿ ಎಲೆಯ ಮೇಲೆ ಕಂಡರೆ ಬೇರೆ ಉಪಚಾರವೇ ಬೇಡ.

ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಮಾದಲಿ ಮುಂಚೆಯೇ ಮಾಡಿಟ್ಟರೂ ಕೆಡುವುದಿಲ್ಲ. ಹಾಗಲಕಾಯಿ ಗೊಜ್ಜು, ಪುಳಿಯೋಗರೆ ಹೊತ್ತಾದಷ್ಟೂ ರುಚಿಯೇರುತ್ತವೆ. ಪೂರಿ, ದೋಸೆ, ಬೋಂಡಾ ಹೊತ್ತಾದಷ್ಟೂ ಕೆಡುತ್ತವೆ. ಪಟ್ಟಿ ಬರೆಯುವಾಗ ಒಂದೊಂದು ಪದಾರ್ಥದ ಮುಂದೆಯೂ, ಎರಡು ಗಂಟೆ ಕಾದರೆ ಇದು ಹೇಗಿರುತ್ತದೆ ಅಂತ ಕೇಳಿಕೋ. ಮದುವೆ ಏಪ್ರಿಲ್ ಕೊನೆಯಲ್ಲಿರುವುದರಿಂದ ಮಾವಿನಕಾಯಿ ಹೇರಳ. ಅವರೆಕಾಳಿನ ಆಸೆ ಬಿಡು, ಅದರ ಸೊಗಡು ಡಿಸೆಂಬರ್, ಜನವರಿಯ ಚಳಿಗೇ ಸೇರಿದ್ದು.

ಈಗ ಲೈವ್ ಕೌಂಟರುಗಳ ಕಾಲ. ದಾವಣಗೆರೆ ಬೆಣ್ಣೆದೋಸೆ, ತಟ್ಟೆ ಇಡ್ಲಿ, ಗಿರಮಿಟ್, ಮಿರ್ಚಿ ಇವನ್ನೆಲ್ಲ ಕಣ್ಣೆದುರೇ ಮಾಡಿ ಬಿಸಿಬಿಸಿ ಕೊಡುವುದು ನನಗೂ ಇಷ್ಟ. ಆದರೆ ಲೆಕ್ಕ ಹಾಕು. ದೊಡ್ಡ ಕಾವಲಿಯಲ್ಲಿ ಒಂದು ಸಲಕ್ಕೆ ಆರು ದೋಸೆ, ಹುಯ್ದು ತೆಗೆಯಲು ಐದು ನಿಮಿಷ ಅಂದರೆ ಗಂಟೆಗೆ 72 ದೋಸೆ. ಎರಡು ಗಂಟೆಯಲ್ಲಿ 400 ಜನ ದೋಸೆ ಕೇಳಿದರೆ ಮೂರು ಕಾವಲಿ ಬೇಕು. ಒಂದೇ ಇಟ್ಟರೆ ಸುಮಾರು ಮೂರರಲ್ಲಿ ಎರಡು ಪಾಲು ಜನ ತಟ್ಟೆ ಹಿಡಿದು ನಿಂತೇ ಇರುತ್ತಾರೆ. ಮೂರಕ್ಕೆ ಜಾಗ, ಆಳು, ಹಣ ಒದಗದಿದ್ದರೆ ದೋಸೆ ಕೈಬಿಟ್ಟು ತಟ್ಟೆ ಇಡ್ಲಿ ಇಡು, ಒಂದು ಸಲ ಹಬೆಗಿಟ್ಟರೆ ಹತ್ತಾರು ಒಟ್ಟಿಗೆ ಇಳಿಯುತ್ತವೆ. ಕೌಂಟರುಗಳು ಸಂಜೆಯ ಆರತಕ್ಷತೆಗಿರಲಿ, ಮಧ್ಯಾಹ್ನ ಎಲೆ ಊಟವೇ ಇರಲಿ. ಬಫೆ ಇಟ್ಟರೂ ಒಂದು ಕಡೆ 20–30 ಕುರ್ಚಿ ಮೇಜು ಹಾಕಿಸಿ, ನಿಂತು ತಿನ್ನಲಾಗದವರಿಗೆ ಕೂತಲ್ಲಿಗೇ ತಂದು ಬಡಿಸುವ ಏರ್ಪಾಡು ಮಾಡು. ಬಯಲಿನಲ್ಲಿ ಆರತಕ್ಷತೆ ಅಂದಿದ್ದೀಯ. ಏಪ್ರಿಲ್ ಕೊನೆಯಲ್ಲಿ ಸಂಜೆ ಗುಡುಗು ಮಳೆ ಸಾಮಾನ್ಯ, ಅಷ್ಟೂ ಕೌಂಟರುಗಳನ್ನು ಒಳಗೆ ಸಾಗಿಸುವ ಜಾಗ ಮೊದಲೇ ಗೊತ್ತುಮಾಡಿಡು.

ಸಿರಿಧಾನ್ಯದ ಅಡುಗೆ ಇರಲಿ ಅಂತಲೂ ಬರೆದಿದ್ದೀಯ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲೆ ಮದುವೆ ಮನೆಗಳಲ್ಲೂ ನವಣೆ ಬಿಸಿಬೇಳೆಬಾತ್, ಸಾಮೆ ಪಾಯಸ ಕಾಣುತ್ತಿವೆ, ಒಳ್ಳೆಯ ಬದಲಾವಣೆ. ಆದರೆ ನವಣೆ ಆರುತ್ತಾ ಆರುತ್ತಾ ನೀರು ಹೀರಿ ಗಟ್ಟಿಯಾಗುತ್ತದೆ, ಕೊನೆಗೆ ಬಂದವರಿಗೆ ಮುದ್ದೆ ಸಿಗುತ್ತದೆ. ಸಡಿಲವಾಗಿಯೇ ಇಳಿಸಿ, ಪ್ರತಿ ಸಲ ಬಡಿಸುವ ಮುಂಚೆ ಬಿಸಿನೀರು, ತುಪ್ಪ ಬೆರೆಸಿಕೊಳ್ಳಲು ಹೇಳು.

ರುಚಿಗಿಂತ ದೊಡ್ಡದು ಬಂದವರ ಆರೋಗ್ಯ. ಗುತ್ತಿಗೆ ಹಿಡಿಯುವವರ ಬಳಿ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿಯೋ ಪರವಾನಗಿಯೋ ಇರಲೇಬೇಕು, 14 ಅಂಕಿಯ ಆ ಸಂಖ್ಯೆ ಕೇಳಿ ಬರೆದುಕೋ. ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು. ಇವೆರಡರ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಅನ್ನದಿಂದ ಏನಾಗುತ್ತದೆ ಅಂತ ಎಲ್ಲರೂ ಅಸಡ್ಡೆ ಮಾಡುತ್ತಾರೆ. ಬೇಯಿಸಿದರೂ ಸಾಯದ ಬೀಜಾಣುಗಳು ಅಕ್ಕಿಯಲ್ಲಿರುತ್ತವೆ. ಅನ್ನ ಗಂಟೆಗಟ್ಟಲೆ ಹಾಗೇ ಬಿದ್ದಿದ್ದರೆ ಅವು ಬೆಳೆದು ವಿಷ ಉಂಟುಮಾಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ರಾತ್ರಿ ಉಳಿದ ಅನ್ನ ಬೆಳಗಿನ ಚಿತ್ರಾನ್ನ ಆಗಕೂಡದು. ಬೇಸಿಗೆಯ ಸೆಕೆಗೆ ಕಾಯಿ ಹಾಕಿದ ಪಲ್ಯ, ಮಜ್ಜಿಗೆಹುಳಿ ಬೇಗ ಹಳಸುತ್ತವೆ, ಅವನ್ನು ಎರಡು ಕಂತಿನಲ್ಲಿ ಮಾಡಿಸು. ಹಿತ್ತಾಳೆ ಕೊಪ್ಪರಿಗೆ ಬಾಡಿಗೆಗೆ ಬಂದರೆ ಒಳಗೆ ಕಲಾಯಿ ಇದೆಯಾ ಅಂತ ನೋಡು, ಕಲಾಯಿ ಹೋದದ್ದರಲ್ಲಿ ಹುಳಿ ಪದಾರ್ಥ ಕುದಿಸಬಾರದು. ಕುಡಿಯುವ ನೀರು, ಪಾನಿಪುರಿಯ ನೀರು, ಪಾನಕದ ಐಸು ಎಲ್ಲಿಂದ ಬರುತ್ತವೆ ಅಂತ ಕೇಳು. ಶೇಂಗಾ ಮೈಗೆ ಆಗದವರು ಇರುತ್ತಾರೆ. ಯಾವುದರಲ್ಲಿ ಶೇಂಗಾ ಇದೆ ಅಂತ ಬಡಿಸುವವರಿಗೆಲ್ಲ ತಿಳಿದಿರಲಿ.

ಬಡಿಸುವವರ ಸಂಖ್ಯೆಯನ್ನು ನಾವು ಕೇಳುವುದೇ ಇಲ್ಲ, ಗುತ್ತಿಗೆಯಲ್ಲಿ ದುಡ್ಡು ಉಳಿಸುವುದೂ ಅಲ್ಲೇ. 12–15 ಎಲೆಗೆ ಒಬ್ಬರಂತೆ, 150 ಎಲೆಗೆ 10–12 ಜನ ಬೇಕು. ಕುಡಿ ಎಡಕ್ಕೆ ಬರುವಂತೆ ಎಲೆ ಹಾಕುವುದು, ಉಪ್ಪು ಉಪ್ಪಿನಕಾಯಿಯಿಂದ ಶುರುಮಾಡುವುದು, ಇಂಥ ಕ್ರಮವೆಲ್ಲ ಅವರಿಗೆ ಗೊತ್ತಿರುತ್ತದೆ. ನೀನು ಹೇಳಬೇಕಾದದ್ದು ಎರಡು: ಕೇಳಿ ಬಡಿಸಿ, ಬೇಡ ಅಂದವರಿಗೆ ಬಲವಂತ ಬೇಡ; ಸ್ವಲ್ಪವೇ ಬಡಿಸಿ, ಎರಡನೇ ಸುತ್ತು ತಪ್ಪದೆ ಬನ್ನಿ. ಎರಡನೇ ಸುತ್ತಿಗೆ ಆಳಿಲ್ಲದ ಕಡೆಯೇ ಮೊದಲ ಸುತ್ತಿನಲ್ಲಿ ಸೌಟು ತುಂಬಾ ಸುರಿಯುತ್ತಾರೆ. ಹೋಳಿಗೆಯವರ ಬೆನ್ನ ಹಿಂದೆಯೇ ತುಪ್ಪದವರು ಬರಬೇಕು. ತುಪ್ಪ ತಡವಾದರೆ ಉಣ್ಣುವವರು ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿ ಅಡುಗೆಮನೆ ಬಾಗಿಲು ನೋಡುತ್ತಾ ಕೂರುತ್ತಾರೆ, ಅಷ್ಟರಲ್ಲಿ ಅದು ತಣ್ಣಗಾಗುತ್ತದೆ, ಅನ್ನ ಬಂದುಬಿಡುತ್ತದೆ, ಹೋಳಿಗೆ ಹಾಗೇ ಉಳಿಯುತ್ತದೆ.

ಎಲೆ ಅಂದರೆ ಬಾಳೆ ಎಲೆಯೇ ಇರಲಿ, ಪ್ಲಾಸ್ಟಿಕ್ ಪದರ ಅಂಟಿಸಿದ ಹಸಿರು ಕಾಗದ ಬೇಡ. ಬಾಳೆ ಎಲೆ ಸಿಗದಿದ್ದರೆ ಮುತ್ತುಗದ ಎಲೆ, ಅಡಿಕೆ ಹಾಳೆ ತಟ್ಟೆ ಇವೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂತು, 2022ರ ಜುಲೈ 1ರಿಂದ ದೇಶಕ್ಕೆಲ್ಲ ಬಂತು. ಮಂಟಪದ ಥರ್ಮಾಕೋಲ್ ಅಲಂಕಾರವೂ ಆ ನಿಷೇಧದ ಪಟ್ಟಿಯಲ್ಲಿದೆ. ಎಲೆಗೊಂದು ಪುಟ್ಟ ನೀರಿನ ಬಾಟಲಿ ಇಡುವ ಬದಲು ಸ್ಟೀಲ್ ಲೋಟ, ಜಗ್ಗು ಇಡಿಸು. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಕೊಡುವ ‘ಪ್ಲೇಟ್ ಬ್ಯಾಂಕ್’ ನಡೆಸುತ್ತದೆ. ನಿಮ್ಮ ಗೆಳೆಯರ ಬಳಗವೂ ಸೇರಿ ಅಂಥದ್ದೊಂದನ್ನು ಕಟ್ಟಿಕೊಳ್ಳಬಹುದು.

ಎಷ್ಟು ಲೆಕ್ಕ ಹಾಕಿದರೂ ಒಂದಿಷ್ಟು ಉಳಿಯುತ್ತದೆ. ಉಳಿದ ಮೇಲೆ ಯಾರಿಗೆ ಕೊಡುವುದು ಅಂತ ಓಡಾಡುವುದಲ್ಲ, ವಾರ ಮುಂಚೆಯೇ ಹತ್ತಿರದ ವೃದ್ಧಾಶ್ರಮವೋ ಹಾಸ್ಟೆಲೋ, ಉಳಿದ ಊಟ ಹಂಚುವ ಸಂಸ್ಥೆಯೋ ನೋಡಿ ಮಾತಾಡಿಟ್ಟಿರಬೇಕು. ಇದಕ್ಕೆಂದೇ 2019ರಲ್ಲಿ ಎಫ್‌ಎಸ್‌ಎಸ್‌ಎಐ ನಿಯಮಗಳನ್ನು ಮಾಡಿದೆ. ಬಡಿಸಲು ಹೊರಗೆ ಹೋಗದೆ, ಒಳಗೆ ಬಿಸಿಯಾಗಿ ಮುಚ್ಚಿಟ್ಟದ್ದನ್ನು ಮಾತ್ರ, ಕೊನೇ ಪಂಕ್ತಿ ಕೂತ ಕೂಡಲೇ ಕಳಿಸು. ಸಂಜೆಯವರೆಗೆ ಇಟ್ಟುಕೊಂಡು ಹಳಸುವ ಹೊತ್ತಿಗೆ ಕೊಟ್ಟರೆ ಅದು ದಾನವಲ್ಲ.

ಹಣದ ಮಾತು ಬರವಣಿಗೆಯಲ್ಲಿರಲಿ. ಎಲೆಗೆ ಎಷ್ಟು, ಕನಿಷ್ಠ ಎಷ್ಟು ಎಲೆಯ ಹಣ ಕಟ್ಟಲೇಬೇಕು, ಜನ ಹೆಚ್ಚಾದರೆ ಎಷ್ಟರವರೆಗೆ ತಯಾರಿ ಇರುತ್ತದೆ, ಪಾತ್ರೆ, ಗ್ಯಾಸು, ನೀರು ಯಾರ ಖರ್ಚು, ಎಲ್ಲವನ್ನೂ ಬರೆಸಿಕೋ. ಪ್ರತಿ ಪಂಕ್ತಿಗೂ ಅವರ ಕಡೆಯ ಒಬ್ಬರು, ನಮ್ಮ ಕಡೆಯ ಒಬ್ಬರು ಜೊತೆಗೇ ನಿಂತು ಎಲೆ ಎಣಿಸಿ ಬರೆದರೆ ಆಮೇಲೆ ಮನಸ್ತಾಪ ಇರುವುದಿಲ್ಲ. ಆ ದಿನ ನೀವಿಬ್ಬರೂ ಮಂಟಪದಲ್ಲಿರುತ್ತೀರಿ. ಊಟದ ವಿಷಯಕ್ಕೆ ಮನೆಯ ಒಬ್ಬರನ್ನೇ ಗೊತ್ತುಮಾಡಿ, ಅವರ ಮಾತೇ ಕೊನೆ ಅಂತ ಭಟ್ಟರಿಗೂ ನೆಂಟರಿಗೂ ಹೇಳಿಬಿಡು. ಸಾಲ ಮಾಡಿ ಊಟ ಹಾಕಬೇಡ. ಹಣ ಸಾಲದಿದ್ದರೆ ಕರೆಯುವವರನ್ನು ಕಡಿಮೆ ಮಾಡು, ಕರೆದವರಿಗೆ ಕಡಿಮೆ ಮಾಡಬೇಡ. ಕುವೆಂಪು ಅವರು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ ಸರಳವಾಗಿ ನಡೆಸಿದರು, ಇಂದಿಗೂ ಆ ದಾರಿ ಹಿಡಿಯುವವರಿದ್ದಾರೆ. 50 ಜನರ ಮದುವೆಯಲ್ಲಿ ಮೊದಲ ಪಂಕ್ತಿಯೂ ಕೊನೇ ಪಂಕ್ತಿಯೂ ಒಂದೇ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಅಡುಗೆ ಇಳಿದ ಕೂಡಲೇ, ಮೊದಲ ಪಂಕ್ತಿಗೆ ಎಲೆ ಹಾಕುವುದಕ್ಕೂ ಮುಂಚೆ, ಕೊನೇ ಪಂಕ್ತಿಯ ಪಾಲು ತೆಗೆದಿಡಿಸು. 50 ಜನರಿಗಾಗುವಷ್ಟು ಹೋಳಿಗೆ, ತುಪ್ಪ, ಕರಿಯದ ಹಪ್ಪಳ, ಕೋಸಂಬರಿಯ ಸಾಮಾನು, ಇನ್ನೊಂದು ಸಲ ಅನ್ನಕ್ಕೆ ಬೇಕಾದ ಅಕ್ಕಿ ಉಗ್ರಾಣದ ಬೀಗದೊಳಗಿರಲಿ. ಯಾವ ದೊಡ್ಡ ಮನುಷ್ಯರು ಬಂದರೂ ಅದಕ್ಕೆ ಕೈ ಹಾಕಬಾರದು. ಜಾತಿ ನೋಡಿ ಬೇರೆ ಸಾಲಿನಲ್ಲಿ ಕೂರಿಸುತ್ತಿದ್ದ ಪಂಕ್ತಿಭೇದವನ್ನು ಈ ನಾಡು ಕಂಡಿದೆ. ಡ್ರೈವರಿಗೆ ಒಂದು ಪೊಟ್ಟಣ, ಎಲೆ ಎತ್ತಿದವರಿಗೆ ಹಿಂಬಾಗಿಲಲ್ಲಿ ಅನ್ನ ಸಾರು ಅಂತ ಮಾಡಿದರೆ ಅದೂ ಪಂಕ್ತಿಭೇದವೇ. ನಿನ್ನ ಮದುವೆಯಲ್ಲಿ ಅದಾಗಬಾರದು ಮಗಳೇ. ಅದೇ ಹಾಲು, ಅದೇ ಮೇಜು, ಅದೇ ಬಾಳೆ ಎಲೆ, ಅದೇ ಹೋಳಿಗೆ. ಆ ಹೊತ್ತಿಗೆ ಬಡಿಸುವವರೂ ದಣಿದಿರುತ್ತಾರೆ, ಅವರನ್ನೂ ಕೂರಿಸಿ ನಿನ್ನ ಅಣ್ಣತಮ್ಮಂದಿರು ಬಡಿಸಲಿ, ನೀವಿಬ್ಬರೂ ಬಂದು ಒಂದು ಸುತ್ತು ತುಪ್ಪ ಬಡಿಸಿ. ಎಲ್ಲರೂ ಎದ್ದ ಮೇಲೆ ನೆಂಟರಿಗೆ ಕೊಟ್ಟ ತಾಂಬೂಲದ ಚೀಲವನ್ನೇ ಅಡುಗೆಯವರಿಗೂ ಬಡಿಸಿದವರಿಗೂ ಕೊಟ್ಟು, ಬಾಕಿ ಹಣವನ್ನು ಅಲ್ಲೇ ಎಣಿಸಿ ಕೈಗಿಡಿ. ಮರುದಿನ ಇನ್ನೊಬ್ಬರ ಮನೆಯ ಒಲೆ ಹಚ್ಚಬೇಕಾದವರು ಅವರು, ಕೂಲಿಗಾಗಿ ನಮ್ಮ ಮನೆಗೆ ಅಲೆಯುವಂತಾಗಬಾರದು.